ಏಜೆಂಟರಿಲ್ಲದೆ ಹಳೆಯ ಪುಸ್ತಕದ ಡಿಎಲ್ ನವೀಕರಣ: ನನ್ನ ಅನುಭವ

2005ರಲ್ಲಿ ಮಲೆನಾಡಿನ ಒಂದು ಆರ್‌ಟಿಒ ಕಚೇರಿಯಿಂದ ಪಡೆದಿದ್ದ, ಕೈಬರಹದಲ್ಲಿ ತುಂಬಿದ ಪುಸ್ತಕದ ರೂಪದ ನನ್ನ ಡಿಎಲ್ (ಚಾಲನಾ ಪರವಾನಗಿ) ಅನ್ನು ನಾನು ಈಗ ನೆಲೆಸಿರುವ ಬೇರೆ ಜಿಲ್ಲೆಯಲ್ಲಿ, ಯಾವ ಏಜೆಂಟರ ನೆರವೂ ಇಲ್ಲದೆ ನವೀಕರಿಸಿಕೊಂಡಿದ್ದೇನೆ. ಹೊಸ ಕಾರ್ಡು ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೆ ಬಂದು ಸೇರಿದೆ. ಇದು ಆಗದ ಕೆಲಸವೆಂದು ಹೇಳಿದವರು ಒಬ್ಬಿಬ್ಬರಲ್ಲ. ನಮ್ಮ ಬೀದಿಯ ಡ್ರೈವಿಂಗ್ ಶಾಲೆಯವರು, "ಸಾರ್, ಆ ಪುಸ್ತಕ ಮರೆತುಬಿಡಿ, ಎಲ್‌ಎಲ್‌ಆರ್‌ನಿಂದಲೇ ಹೊಸದಾಗಿ ಶುರು ಮಾಡೋಣ" ಎಂದರು, ಅಂದರೆ ಕಲಿಕಾ ಪರವಾನಗಿಯಿಂದಲೇ. ನಮ್ಮ ಭಾವನವರು, "ನಾಲ್ಕು ಸಾವಿರ ಹೋದರೆ ಹೋಗಲಿ ಮಾರಾಯ, ಕೊಟ್ಟು ಮುಗಿಸು" ಎಂದರು. ಇಬ್ಬರಿಗೂ ಈಗ ಹೊಸ ಕಾರ್ಡನ್ನು ತೋರಿಸಿದ್ದೇನೆ. ಇದೇ ಸ್ಥಿತಿಯಲ್ಲಿರುವ ಇನ್ನೂ ಹಲವರು ವಿಚಾರಿಸುತ್ತಿರುವುದರಿಂದ ನಡೆದುದನ್ನು ಬರೆದಿಡುತ್ತಿದ್ದೇನೆ.

ಡಿಎಲ್ ಸೇವೆಗಳ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ತುಂಬುವ ಕ್ರಮ ನಿಮಗೆಲ್ಲ ಗೊತ್ತಿರುವುದೇ ಆದ್ದರಿಂದ ಅದನ್ನು ವಿವರಿಸುವುದಿಲ್ಲ. ನನ್ನ ಮಟ್ಟಿಗೆ ಫಲ ಕೊಟ್ಟದ್ದು ಕೆಲಸಗಳನ್ನು ಕೈಗೆತ್ತಿಕೊಂಡ ಅನುಕ್ರಮ. ಹೆಚ್ಚಿನವರು ಮೊದಲು ಹಣ ಕಟ್ಟಿ, ಸಿಕ್ಕ ಸ್ಲಾಟನ್ನು (ಕಚೇರಿಗೆ ಹಾಜರಾಗಲು ಕಾಯ್ದಿರಿಸುವ ದಿನ, ಸಮಯ) ಹಿಡಿದು, ಆಮೇಲೆ ದಾಖಲೆಗಳ ಬೆನ್ನು ಹತ್ತುತ್ತಾರೆ. ನಾನು ಮೊದಲು ಹಳೆಯ ದಾಖಲೆಯನ್ನು ಪೋರ್ಟಲ್‌ಗೆ ತರಿಸಿ, ಆಮೇಲೆ ವೈದ್ಯರ ಪ್ರಮಾಣಪತ್ರ ಮಾಡಿಸಿ, ನಂತರ ಹಣ ಕಟ್ಟಿ, ಸ್ಲಾಟನ್ನು ಎಲ್ಲಕ್ಕಿಂತ ಕೊನೆಗೆ ಕಾಯ್ದಿರಿಸಿದೆ.

ಹೆಚ್ಚು ಕಾಲ ಹಿಡಿದದ್ದು ಮೊದಲನೆಯ ಹಂತವೇ. ಪೋರ್ಟಲ್ ಒಪ್ಪುವ ಡಿಎಲ್ ಸಂಖ್ಯೆಯಲ್ಲಿ ರಾಜ್ಯದ ಎರಡು ಅಕ್ಷರ, ಕಚೇರಿಯ ಎರಡು ಅಂಕಿ, ವರ್ಷದ ನಾಲ್ಕು ಅಂಕಿ ಮತ್ತು ಕ್ರಮಸಂಖ್ಯೆಯ ಏಳು ಅಂಕಿಗಳಿರಬೇಕು. ನನ್ನ ಪುಸ್ತಕದಲ್ಲಿದ್ದದ್ದು ನಾಲ್ಕಂಕಿಯ ಕ್ರಮಸಂಖ್ಯೆ, ಅದರ ಮುಂದೆ ಓರೆಗೆರೆ ಎಳೆದು ಬರೆದ 2005-06 ಎಂಬ ಆರ್ಥಿಕ ವರ್ಷ. ಕ್ರಮಸಂಖ್ಯೆಯ ಎಡಕ್ಕೆ ಮೂರು ಸೊನ್ನೆ ಸೇರಿಸಿ ಏಳಂಕಿ ಮಾಡಿಕೊಳ್ಳುವುದು ಸುಲಭ. ಆದರೆ ವರ್ಷದ ಜಾಗದಲ್ಲಿ 2005 ಹಾಕಬೇಕೋ 2006 ಹಾಕಬೇಕೋ ಎಂಬುದು ಸ್ಪಷ್ಟವಿರಲಿಲ್ಲ. ಎರಡನ್ನೂ ಹಾಕಿ ನೋಡಿದೆ, ಅಂಕಿಗಳ ನಡುವೆ ಜಾಗ ಬಿಟ್ಟು ನೋಡಿದೆ, ಅಡ್ಡಗೆರೆ ಹಾಕಿಯೂ ನೋಡಿದೆ. ಯಾವುದಕ್ಕೂ ದಾಖಲೆ ಸಿಗಲಿಲ್ಲ. ಹೀಗಾದಾಗ ಡಿಎಲ್ ರದ್ದಾಗಿದೆ ಎಂದು ತಿಳಿಯಬೇಕಾಗಿಲ್ಲ. ಹಳೆಯ ರಿಜಿಸ್ಟರಿನಲ್ಲಿರುವ ವಿವರ ಗಣಕಕ್ಕೆ ಏರಿಲ್ಲ ಎಂದಷ್ಟೇ ಅದರ ಅರ್ಥ. ಅದನ್ನು ಏರಿಸುವ ಕೆಲಸಕ್ಕೆ ಕಚೇರಿಗಳಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ. ನವೀಕರಣವನ್ನು ಈಗಿನ ವಾಸದ ಊರಿನಲ್ಲಿ ಮಾಡಿಸಿಕೊಳ್ಳಬಹುದು, ಆದರೆ ರಿಜಿಸ್ಟರು ಇರುವುದು ಡಿಎಲ್ ಕೊಟ್ಟ ಕಚೇರಿಯಲ್ಲಾದ್ದರಿಂದ ಈ ಎಂಟ್ರಿಗೆ ಅಲ್ಲಿಗೇ ಹೋಗಬೇಕಾಯಿತು. ಏಜೆಂಟರು ನಾಲ್ಕು ಸಾವಿರ, ನಾಲ್ಕೂವರೆ ಸಾವಿರ ಎಂದು ಕೇಳುತ್ತಿದ್ದದ್ದು ಮುಖ್ಯವಾಗಿ ಈ ಒಂದು ಹಂತಕ್ಕಾಗಿ.

ಮೊದಲ ಸಲ ಹೋದಾಗ ಬಾಯಿಮಾತಿನಲ್ಲಿ ಕೇಳಿದೆ. ರಿಜಿಸ್ಟರು ಹುಡುಕಬೇಕು, ಮುಂದಿನ ವಾರ ಬನ್ನಿ ಎಂದರು. ಬಸ್ ಚಾರ್ಜೇ ನಾನೂರು, ನಾನೂರೈವತ್ತು ತಗಲುವ ದೂರದಿಂದ ಹೋದವನಿಗೆ ಇದು ಸಣ್ಣ ಮಾತಲ್ಲ. ಎರಡನೆಯ ಸಲ ಹೋದಾಗ ವಿಧಾನ ಬದಲಿಸಿ, ಕಚೇರಿಯ ಮುಖ್ಯಸ್ಥರ ಹೆಸರಿಗೆ ಕನ್ನಡದಲ್ಲಿ ಅರ್ಧ ಪುಟದ ಮನವಿ ಬರೆದೆ. ಡಿಎಲ್ ಸಂಖ್ಯೆ, ಕೊಟ್ಟ ದಿನಾಂಕ, ವಾಹನದ ವರ್ಗಗಳು, ಅವಧಿ ಮುಗಿಯುವ ದಿನಾಂಕ ಇಷ್ಟನ್ನೂ ಒಂದರ ಕೆಳಗೊಂದು ಬರೆದು, ಪುಸ್ತಕದ ಪ್ರತಿ ಪುಟದ ಝೆರಾಕ್ಸ್ ಲಗತ್ತಿಸಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟೆ. ನನ್ನ ಬಳಿಯ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಸೀಲು ಬಿದ್ದ ಕಾಗದಕ್ಕೂ ಬಾಯಿಮಾತಿಗೂ ಇರುವ ವ್ಯತ್ಯಾಸ ಅಂದೇ ಕಂಡಿತು. ವಿಷಯ ನಿರ್ವಾಹಕರು ಕಪಾಟಿನಿಂದ ಆ ವರ್ಷದ ರಿಜಿಸ್ಟರನ್ನು ತೆಗೆಸಿ ಮೇಜಿನ ಮೇಲೆ ಬಿಡಿಸಿದರು. ಕೆಂಪು ಬಟ್ಟೆಯ ರಟ್ಟು, ಅಂಚು ನುಸಿ ತಿಂದ ಹಾಳೆಗಳು, ಸಾಲಿಗೊಂದರಂತೆ ಅಂಟಿಸಿದ ಅಂಚೆಚೀಟಿಯಷ್ಟು ದೊಡ್ಡ ಫೋಟೊಗಳು. ನನ್ನ ಫೋಟೊ ಉದುರಿಹೋಗಿ ಗೋಂದಿನ ಕಲೆಯಷ್ಟೇ ಉಳಿದಿತ್ತು, ಆದರೆ ಹೆಸರು, ತಂದೆಯ ಹೆಸರು ಮತ್ತು ಸಹಿ ನಿಚ್ಚಳವಾಗಿದ್ದವು. ಕ್ರಮಸಂಖ್ಯೆಯಲ್ಲಿದ್ದ 7 ಎಂಬ ಅಂಕಿ ಒಂದರಂತೆಯೇ ಕಾಣುತ್ತಿದ್ದುದರಿಂದ, ಪುಸ್ತಕದ ಮೂಲಪ್ರತಿಯನ್ನು ಪಕ್ಕದಲ್ಲಿಟ್ಟು ತೋರಿಸಬೇಕಾಯಿತು. ಮೂಲಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗುವವರು ಇದನ್ನು ಗಮನಿಸಬೇಕು. ವರ್ಷದ ಪ್ರಶ್ನೆಯೂ ಅಲ್ಲಿಯೇ ಬಗೆಹರಿಯಿತು: ಡಿಎಲ್ ಕೊಟ್ಟ ದಿನಾಂಕ ಯಾವ ಕ್ಯಾಲೆಂಡರ್ ವರ್ಷದಲ್ಲಿದೆಯೋ ಅದನ್ನೇ ನಮೂದಿಸಿದರು. ಹತ್ತು ಹನ್ನೆರಡು ದಿನಗಳಲ್ಲಿ ಪೋರ್ಟಲ್‌ನಲ್ಲಿ ನನ್ನ ವಿವರ ತೆರೆದುಕೊಂಡಿತು.

ವಯಸ್ಸು ನಲವತ್ತು ದಾಟಿದವರಿಗೆ ನಮೂನೆ 1ಎ, ಅಂದರೆ ವೈದ್ಯಕೀಯ ಪ್ರಮಾಣಪತ್ರ, ಕಡ್ಡಾಯ. ಕಚೇರಿಯ ಸುತ್ತಮುತ್ತ ಇದನ್ನು ನೂರು ನೂರೈವತ್ತು ರೂಪಾಯಿಗೆ, ಮುಖವನ್ನೂ ನೋಡದೆ ಸಹಿ ಹಾಕಿಸಿಕೊಡುವವರು ಸಿಗುತ್ತಾರೆ. ನಾನು ಅದನ್ನು ಒಪ್ಪುವವನಲ್ಲ. ಕಣ್ಣು ಮಂಜಾದವನು ರಾತ್ರಿ ಹೆದ್ದಾರಿಯಲ್ಲಿ ಗಾಡಿ ಓಡಿಸಿದರೆ ಎದುರಿನಿಂದ ಬರುವವರ ಜೀವಕ್ಕೆ ಅಪಾಯ. ನಮ್ಮ ಕುಟುಂಬದ ವೈದ್ಯರ ಬಳಿಗೇ ಹೋದೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಓದಬಲ್ಲರೇ ಎಂಬ ಪ್ರಶ್ನೆ ಆ ನಮೂನೆಯಲ್ಲಿದೆ. ವೈದ್ಯರು ನನ್ನನ್ನು ಹೊರಗೆ ಕರೆತಂದು, ರಸ್ತೆಯಾಚೆ ನಿಂತಿದ್ದ ಕಾರಿನ ಸಂಖ್ಯೆಯನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದಿಸಿದರು. ಇನ್ನೂರು ರೂಪಾಯಿ ಶುಲ್ಕ ತೆಗೆದುಕೊಂಡರು. ಪ್ರಮಾಣಪತ್ರದಲ್ಲಿ ಅವರ ನೋಂದಣಿ ಸಂಖ್ಯೆ ಇರುವ ಸೀಲು ಸ್ಪಷ್ಟವಾಗಿ ಬಿದ್ದಿರಬೇಕು ಮತ್ತು ಫೋಟೊದ ಮೇಲೆ ಅವರ ಸಹಿ ಅರ್ಧ ಹಾಯ್ದಿರಬೇಕು.

ಸ್ಕ್ಯಾನ್ ಮಾಡುವ ಬಗ್ಗೆ ಒಂದು ಪ್ರಯೋಗವನ್ನೂ ನಡೆಸಿದೆ. ಕಡತದ ಗಾತ್ರ ಐನೂರು ಕೆಬಿಯೊಳಗೆ ಇರಬೇಕಾದ್ದರಿಂದ ಎಲ್ಲರೂ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡುತ್ತಾರೆ. ಹಾಗೆ ಮಾಡಿದರೆ ನೀಲಿ ಶಾಯಿಯ ಸೀಲು ಅರ್ಧಕ್ಕರ್ಧ ಮಾಯವಾಗುತ್ತದೆ. ಬಣ್ಣದಲ್ಲಿ ಮಾಡಿದರೆ ಗಾತ್ರ ಮಿತಿಯನ್ನು ದಾಟುತ್ತದೆ. ಬೂದು ಛಾಯೆಯಲ್ಲಿ, ನೂರೈವತ್ತು ಡಿಪಿಐ ಆಸುಪಾಸಿನಲ್ಲಿ ಮಾಡಿದ ಪಿಡಿಎಫ್ ಇನ್ನೂರು ಮುನ್ನೂರು ಕೆಬಿಯಲ್ಲಿ ನಿಂತು, ಸೀಲಿನ ಅಕ್ಷರಗಳೂ ಓದುವಂತೆ ಉಳಿದವು. ಇದೇ ಕ್ರಮದಲ್ಲಿ ಇಬ್ಬರು ಸಹೋದ್ಯೋಗಿಗಳ ದಾಖಲೆಗಳನ್ನೂ ಏರಿಸಿಕೊಟ್ಟಿದ್ದೇನೆ. ಅವುಗಳೂ ಒಂದೇ ಸಲಕ್ಕೆ ಅಂಗೀಕಾರವಾದವು.

ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆಯೇ ಮುಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. 2021ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹಾಗೆ ಪಡೆಯಬಹುದಾದ ಸೇವೆಗಳನ್ನು ಪಟ್ಟಿ ಮಾಡಿದಾಗ, ಚಾಲನಾ ಪರೀಕ್ಷೆ ಬೇಡದ ನವೀಕರಣವೂ ಅದರಲ್ಲಿ ಸೇರಿತ್ತು. ನಾನು ಆ ದಾರಿಯನ್ನೂ ಹಿಡಿದು ನೋಡಿದೆ. ಡಿಎಲ್‌ನಲ್ಲಿ ನನ್ನ ಇನಿಷಿಯಲ್ ಹೆಸರಿನ ಹಿಂದಿದೆ. ಆಧಾರ್‌ನಲ್ಲಿ ಊರಿನ ಹೆಸರು, ತಂದೆಯ ಹೆಸರು ಎರಡೂ ಪೂರ್ತಿಯಾಗಿ ಹೆಸರಿನ ಮುಂದಿವೆ. ನಮ್ಮ ಕಡೆಯ ಬಹುಪಾಲು ಜನರ ಸ್ಥಿತಿ ಇದೇ. ಹೆಸರು ಹೊಂದದೆ ಅರ್ಜಿ ಮುಂದೆ ಸಾಗಲಿಲ್ಲವಾದ್ದರಿಂದ, ಆಧಾರ್ ದೃಢೀಕರಣವಿಲ್ಲದೆ ಸಲ್ಲಿಸುವ ಆಯ್ಕೆಯನ್ನು ಒತ್ತಿ, ಸ್ಲಾಟಿನ ದಾರಿಗೆ ಬಂದೆ. ನನ್ನ ಹೆಂಡತಿಯ ಎರಡು ದಾಖಲೆಗಳಲ್ಲಿಯೂ ಹೆಸರು ಅಕ್ಷರಶಃ ಒಂದೇ ಇದ್ದುದರಿಂದ ಅವಳ ವಿಳಾಸ ಬದಲಾವಣೆ ಮನೆಯಲ್ಲಿ ಕುಳಿತೇ ಮುಗಿಯಿತು.

ಹಣದ ವಿಷಯಕ್ಕೆ ಬರುತ್ತೇನೆ. ನವೀಕರಣಕ್ಕೆ 200, ಕಾರ್ಡಿಗೆ 200, ಅದೇ ಅರ್ಜಿಯಲ್ಲಿ ಸೇರಿಸಿದ ವಿಳಾಸ ಬದಲಾವಣೆಗೆ 200, ಎಲ್ಲ ಸೇರಿ ಆರುನೂರು ಚಿಲ್ಲರೆ. ಕಟ್ಟುವಾಗ ಖಾತೆಯಿಂದ ಹಣ ಕಡಿತವಾಯಿತು, ರಶೀದಿ ಮಾತ್ರ ಬರಲಿಲ್ಲ. ಇಲ್ಲಿ ಎರಡನೆಯ ಸಲ ಹಣ ಕಟ್ಟುವ ಆತುರ ಮಾಡಬಾರದು. ಪೋರ್ಟಲ್‌ನ ಫೀಸು ವಿಭಾಗದಲ್ಲಿ ಪಾವತಿಯ ಸ್ಥಿತಿಯನ್ನು ಪರಿಶೀಲಿಸುವ ಆಯ್ಕೆಯಿದೆ. ಅದನ್ನು ಸಂಜೆಯೊಮ್ಮೆ, ಮರುದಿನವೊಮ್ಮೆ ಒತ್ತಿದ ಮೇಲೆ ಬ್ಯಾಂಕಿನಿಂದ ದೃಢೀಕರಣ ಬಂದು ರಶೀದಿ ತಾನಾಗಿಯೇ ಮೂಡಿತು. ನನ್ನ ಪರಿಚಯದವರೊಬ್ಬರು ಎರಡು ಸಲ ಕಟ್ಟಿ, ಒಂದು ಮೊತ್ತ ಮರಳಿ ಬರಲು ತಿಂಗಳ ಮೇಲೆ ಕಾದಿದ್ದಾರೆ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ಅರ್ಜಿ ಹಾಕಲು ಅವಕಾಶವಿದೆ. ಅದನ್ನು ಬಿಟ್ಟು, ಅವಧಿ ಮುಗಿದ ಮೇಲಿನ ರಿಯಾಯಿತಿ ಕಾಲವೂ ದಾಟುವಷ್ಟು ತಡಮಾಡಿದರೆ ಶುಲ್ಕ 300ಕ್ಕೆ ಏರುವುದಲ್ಲದೆ, ವಿಳಂಬದ ಪ್ರತಿ ವರ್ಷಕ್ಕೆ ಅಥವಾ ಅದರ ಭಾಗಕ್ಕೆ ಸಾವಿರ ರೂಪಾಯಿ ಹೆಚ್ಚುವರಿ ಬೀಳುತ್ತದೆ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಚಾಲನಾ ಪರೀಕ್ಷೆಯನ್ನೂ ಎದುರಿಸಬೇಕು.

ವಯಸ್ಸಿನ ಲೆಕ್ಕವನ್ನೂ ಕುತೂಹಲದಿಂದ ಹಾಕಿ ನೋಡಿದೆ. 2019ರ ತಿದ್ದುಪಡಿಯಂತೆ ಮೂವತ್ತರಿಂದ ಐವತ್ತರೊಳಗಿನವರಿಗೆ ಹತ್ತು ವರ್ಷ, ಐವತ್ತರಿಂದ ಐವತ್ತೈದರೊಳಗಿನವರಿಗೆ ಅರವತ್ತು ತುಂಬುವವರೆಗೆ, ಆಮೇಲೆ ಐದೈದು ವರ್ಷ ಅವಧಿ ಸಿಗುತ್ತದೆ. ಐವತ್ತು ತುಂಬುವ ಮೊದಲೇ ಮಾಡಿಸಿಕೊಂಡರೆ ಲಾಭವೆಂದು ಏಜೆಂಟರು ಆತುರಪಡಿಸುತ್ತಾರೆ. ನಲವತ್ತೊಂಬತ್ತು ಮುಗಿಯುವಾಗ ಮಾಡಿಸಿದರೆ ಐವತ್ತೊಂಬತ್ತು ಮುಗಿಯುವವರೆಗೆ, ಐವತ್ತಾದ ಮೇಲೆ ಮಾಡಿಸಿದರೆ ಅರವತ್ತರವರೆಗೆ, ಲಾಭವೇನೂ ಇಲ್ಲ.

ಸ್ಲಾಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಲೆಂಡರು ತೆರೆದರೆ ಮೂರು ವಾರದವರೆಗೆ ಎಲ್ಲ ದಿನಗಳೂ ಭರ್ತಿಯಾಗಿದ್ದವು. ಹಾಗೆಂದು ಅಷ್ಟು ದಿನ ಕಾಯಬೇಕಾಗಿಲ್ಲ. ರದ್ದಾದ ಸ್ಲಾಟುಗಳು ಮತ್ತೆ ಪಟ್ಟಿಗೆ ಮರಳುತ್ತವೆ ಮತ್ತು ಅವು ಮರಳುವುದಕ್ಕೆ ಒಂದು ಹೊತ್ತು ಇದೆ. ನಾನು ಸುಮಾರು ಒಂದು ವಾರ ಬೇರೆ ಬೇರೆ ಸಮಯದಲ್ಲಿ ತೆರೆದು ನೋಡಿ ಆ ಹೊತ್ತನ್ನು ಗುರುತಿಸಿಕೊಂಡೆ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಏಜೆಂಟರೇ ಮೊದಲು ನುಗ್ಗುತ್ತಾರೆ. ಕಚೇರಿಯಿಂದ ಕಚೇರಿಗೆ ಅದು ಬೇರೆಯಾಗಿಯೂ ಇರಬಹುದಾದ್ದರಿಂದ ನಿಮ್ಮ ಊರಿನದನ್ನು ನೀವೇ ಗಮನಿಸಿ ಕಂಡುಕೊಳ್ಳುವುದು ಉತ್ತಮ. ಸ್ಲಾಟು ಖಚಿತಪಡಿಸಲು ಮೊಬೈಲಿಗೆ ಸಂದೇಶದಲ್ಲಿ ಸಂಕೇತ ಬರುತ್ತದೆ. ಆದ್ದರಿಂದ ಅರ್ಜಿಯಲ್ಲಿ ಸೈಬರ್ ಸೆಂಟರಿನವರ ಸಂಖ್ಯೆಯನ್ನು ಹಾಕಿಸಿದವರು ಈ ಹಂತದಲ್ಲಿ ಅವರ ಬಾಗಿಲು ಕಾಯಬೇಕಾಗುತ್ತದೆ.

ದಿನದ ಮೊದಲ ಅವಧಿಯನ್ನೇ ಆರಿಸಿಕೊಂಡೆ. ಕಡತವನ್ನು ಅರ್ಜಿ, ಶುಲ್ಕದ ರಶೀದಿ, ಸ್ಲಾಟಿನ ಪತ್ರ, ನಮೂನೆ 1ಎ ಮೂಲಪ್ರತಿ, ವಿಳಾಸದ ದಾಖಲೆ, ಹಳೆಯ ಡಿಎಲ್ ಎಂಬ ಕ್ರಮದಲ್ಲಿ ಜೋಡಿಸಿ, ಬ್ಯಾಕ್‌ಲಾಗ್ ಮನವಿಯ ಸೀಲು ಬಿದ್ದ ಪ್ರತಿಯನ್ನೂ ಕೊನೆಯಲ್ಲಿ ಇಟ್ಟಿದ್ದೆ. ಪರಿಶೀಲನೆಯ ಮೇಜಿನಲ್ಲಿದ್ದ ಮೇಡಂ ಹಳೆಯ ಪುಸ್ತಕವನ್ನು ತಿರುವಿ, "ಬೇರೆ ಜಿಲ್ಲೆಯದು, ಎಂಟ್ರಿ ಆಗಿದೆಯೇ?" ಎಂದು ಕೇಳಿದಾಗ ಆ ಪ್ರತಿಯನ್ನು ಮುಂದಿಟ್ಟೆ. ಅವರು ಅದನ್ನು ಓದಿ, ಪರದೆಯ ಮೇಲಿನ ವಿವರದೊಂದಿಗೆ ತಾಳೆ ನೋಡಿ, ಮತ್ತೊಂದು ಮಾತಿಲ್ಲದೆ ಫೋಟೊ ತೆಗೆಯುವ ಕೋಣೆಗೆ ಕಳುಹಿಸಿದರು. ಫೋಟೊ, ಸಹಿ, ಬೆರಳಚ್ಚು ಮುಗಿದು ಹೊರಬರುವಾಗ ಹನ್ನೊಂದೂವರೆಯೂ ಆಗಿರಲಿಲ್ಲ. ಗೇಟಿನ ಹೊರಗೆ ಬೆಳಿಗ್ಗೆ ನನ್ನನ್ನು ತಡೆದು "ಒಬ್ಬರೇ ಹೋದರೆ ವಾಪಸ್ ಕಳಿಸ್ತಾರೆ ಸಾರ್" ಎಂದಿದ್ದ ಏಜೆಂಟರು ಇನ್ನೂ ಅಲ್ಲಿಯೇ ಇದ್ದರು.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ ಸರ್ಕಾರದ ಶುಲ್ಕ ಆರುನೂರು ಚಿಲ್ಲರೆ, ವೈದ್ಯರಿಗೆ ಇನ್ನೂರು, ಝೆರಾಕ್ಸ್ ಮತ್ತು ಫೋಟೊಗೆ ನೂರರ ಮೇಲೆ, ಮಲೆನಾಡಿನ ಓಡಾಟಕ್ಕೆ ಒಂದೂವರೆ ಸಾವಿರದ ಸುತ್ತಮುತ್ತ. ಪುಸ್ತಕದ ಬದಲು ಕಾರ್ಡಿನ ರೂಪದ ಡಿಎಲ್ ಇದ್ದವರಿಗೆ ಆ ಓಡಾಟದ ಖರ್ಚು ಪೂರ್ತಿ ಉಳಿಯುತ್ತದೆ. ಬ್ಯಾಕ್‌ಲಾಗ್ ಎಂಟ್ರಿ ಆದ ಮೇಲೆ ಒಮ್ಮೆ ವಾಹನದ ವರ್ಗಗಳು ಎಲ್ಲವೂ ಬಂದಿವೆಯೇ ಎಂದು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಗೇರ್ ಇರುವ ದ್ವಿಚಕ್ರ ವಾಹನದ ವರ್ಗ ಬಿಟ್ಟುಹೋದರೆ ಅದನ್ನು ಹಣ ಕಟ್ಟುವ ಮೊದಲೇ ಸರಿಪಡಿಸಿಕೊಳ್ಳಬೇಕು. ಕಾರ್ಡು ಬಂದ ಮೇಲೆ ಡಿಜಿಲಾಕರ್‌ನಲ್ಲಿರುವ ಪ್ರತಿಯನ್ನೂ ಹೊಸದಾಗಿ ಪಡೆದುಕೊಳ್ಳಬೇಕು.

ಮುಂದಿನ ಸರದಿ ನಮ್ಮ ತಂದೆಯವರದು. ಕೋವಿಡ್ ಕಾಲದಲ್ಲಿ ಮುಗಿದಿದ್ದ ಅವರ ಡಿಎಲ್‌ಗೆ 2021ರ ಅಕ್ಟೋಬರ್ 31ರವರೆಗೆ ವಿನಾಯಿತಿ ಸಿಕ್ಕಿತ್ತು. ಆ ತಿಂಗಳಲ್ಲೇ ಮಾಡಿಸಿದ ಐದು ವರ್ಷದ ಅವಧಿ ಈಗ ಮುಗಿಯುತ್ತ ಬಂದಿದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿರುವುದರಿಂದ, ಹೊಸ ಕನ್ನಡಕ ಕೈಗೆ ಬಂದ ಮೇಲೆಯೇ ಅವರನ್ನು ನಮೂನೆ 1ಎಗೆ ಕರೆದೊಯ್ಯುತ್ತೇನೆ.