ಹೊಳೆಯುವ ಬಸ್‌ಬಾರ್ ತಣ್ಣಗೆ ಕಂಡರೆ ನಂಬಬೇಡಿ
ಪೀಣ್ಯ, ಬೊಮ್ಮಸಂದ್ರ ಕಡೆ ಫ್ಯಾಕ್ಟರಿಗಳಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವರಿಗೆ ಒಂದು ಮಾತು. ಬಸ್‌ಬಾರ್ ಅಂದರೆ ಎಲೆಕ್ಟ್ರಿಕ್ ಪ್ಯಾನೆಲ್ ಒಳಗೆ ಕರೆಂಟ್ ಹಂಚುವ ಲೋಹದ ಪಟ್ಟಿ. ಪಾಲಿಶ್ ಆದ ತಾಮ್ರದ ಎಮಿಸಿವಿಟಿ, ಅಂದರೆ ತನ್ನ ಬಿಸಿಯನ್ನು ಕಿರಣವಾಗಿ ಹೊರಸೂಸುವ ಪ್ರಮಾಣ (ಗರಿಷ್ಠ 1), 0.1ಕ್ಕಿಂತಲೂ ಕಡಿಮೆ. ಆ ಕಿರಣ ನೋಡಿ ಬಿಸಿ ಅಳೆಯುವ ಥರ್ಮಲ್ ಕ್ಯಾಮೆರಾ ಹಿಡಿದರೆ ಅದು ಕನ್ನಡಿಯ ಹಾಗೆ ಎದುರಿಗೆ ನಿಂತ ನಿಮ್ಮ ಮೈಬಿಸಿಯನ್ನೇ ತೋರಿಸುತ್ತದೆ. ಶಟ್‌ಡೌನ್ ಇದ್ದಾಗ, ಪವರ್ ಪೂರ್ತಿ ಆಫ್ ಮಾಡಿ, ಜಾಯಿಂಟ್ ಪಕ್ಕ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ. ಆಮೇಲೆ ಲೋಡ್ ಓಡುವಾಗ ಕ್ಯಾಮೆರಾದಲ್ಲಿ ಟೇಪಿನ ಎಮಿಸಿವಿಟಿ 0.95 ಸೆಟ್ ಮಾಡಿ, ಟೇಪ್ ಮೇಲೆಯೇ ಅಳತೆ ತಗೊಳ್ಳಿ.

ಅಕ್ರಿಲಿಕ್ ಕವರ್ ಮೂಲಕ ಸುಮ್ನೆ ನೋಡಬೇಡಿ, ಕವರಿನ ಬಿಸಿಯಷ್ಟೇ ಸಿಗುತ್ತದೆ. ಅದನ್ನು ತೆಗೆಯುವುದು ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಒಂದೇ ಲೋಡ್ ಇರುವ ಮೂರು ಫೇಸ್‌ಗಳಲ್ಲಿ ಒಂದರ ಜಾಯಿಂಟ್ ಮಾತ್ರ ಜಾಸ್ತಿ ಬಿಸಿಯಿದ್ದರೆ, ಸಪ್ಲೈ ನಿಲ್ಲಿಸಿ ಆ ಬೋಲ್ಟ್ ಸಡಿಲ ಆಗಿದೆಯಾ ಅಂತ ನೋಡಿಸಿ. ಮುಂದಿನ ವಾರಕ್ಕೆ ಅಂತ ಬಿಡಬೇಡಿ.