ಕಾರ್ತಿಕದ ಕತ್ತಲಲ್ಲಿ ಬಣ್ಣ ಕಟ್ಟುವ ಗಿಡಗಳು

ದೀಪಾವಳಿ ಕಳೆಯುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಆಕಾಶಮಲ್ಲಿಗೆ ಉದುರುತ್ತಿರುತ್ತದೆ. ಬೆಳಿಗ್ಗೆ ಗೇಟು ತೆಗೆದರೆ ನೆಲವೆಲ್ಲ ಬೆಳ್ಳಗೆ. ಬೆಂಗಳೂರಿನ ಕೈತೋಟಕ್ಕೆ ಇದಕ್ಕಿಂತ ಒಳ್ಳೆ ಕಾಲ ಇನ್ನೊಂದಿಲ್ಲ ಅನ್ನುವುದು ನನ್ನ ಅನಿಸಿಕೆ. ಬಿಸಿಲು ಸುಡುವುದಿಲ್ಲ, ಗಾಳಿಯಲ್ಲಿ ಸಣ್ಣ ಚಳಿ. ಆದರೆ ಇದೇ ದಿನಗಳಲ್ಲಿ ಅಕ್ಕಪಕ್ಕದವರು ಎರಡು ದೂರು ಹೊತ್ತು ಬರುತ್ತಾರೆ. ಸೇವಂತಿಗೆ ಬರೀ ಸೊಪ್ಪು ಬೆಳೆಯುತ್ತಿದೆ, ಮೊಗ್ಗೇ ಇಲ್ಲ ಅನ್ನುವುದು ಒಂದು. ಮನೆಯೊಳಗಿನ ಗಿಡ ಹಳದಿಯಾಗುತ್ತಿದೆ ಅನ್ನುವುದು ಇನ್ನೊಂದು. ಹೋಗಿ ನೋಡಿದರೆ ಹೆಚ್ಚಾಗಿ ಕಾರಣ ಒಂದೇ ಜಾತಿಯದು. ಪ್ರೀತಿಯಿಂದ ಜಾಸ್ತಿ ಕೊಟ್ಟಿರುತ್ತಾರೆ. ಸೇವಂತಿಗೆಗೆ ಬೆಳಕು, ಒಳಗಿನ ಗಿಡಕ್ಕೆ ನೀರು.

ಸೇವಂತಿಗೆಯ ಪಾಠ ನಾನು ಕಲಿತದ್ದು ಗೇಟಿನ ಹತ್ತಿರ ಬೀದಿದೀಪ ಬಂದ ವರ್ಷ. ಗೇಟಿನ ಪಕ್ಕ ಎರಡು ಕುಂಡ, ಹಿತ್ತಲಲ್ಲಿ ಮೂರು. ಐದೂ ಒಂದೇ ತಾಯಿಗಿಡದ ಕಡ್ಡಿಗಳು. ಮಣ್ಣು, ಗೊಬ್ಬರ ಎಲ್ಲ ಒಂದೇ. ಹಿತ್ತಲಿನವು ನವೆಂಬರ್‌ನಲ್ಲಿ ಮೈತುಂಬ ಮೊಗ್ಗು. ಗೇಟಿನವು ಮೊಳಕಾಲೆತ್ತರ ಬೆಳೆದು ಸುಮ್ನೆ ಸೊಪ್ಪು ಬಿಟ್ಟುಕೊಂಡು ನಿಂತಿದ್ದವು. ಗೊಬ್ಬರ ಸಾಲದೇನೋ ಅಂತ ಇನ್ನೊಂದು ಹಿಡಿ ಹಾಕಿದೆ. ಇನ್ನಷ್ಟು ಸೊಪ್ಪು ಬಂತು. ಮರುವರ್ಷ ಆ ಕುಂಡಗಳನ್ನೂ ಹಿತ್ತಲಿಗೆ ಒಯ್ದ ಮೇಲೆ ಅವೂ ಹೂ ಬಿಟ್ಟವು.

ಸೇವಂತಿಗೆ ರಾತ್ರಿಯ ಉದ್ದ ನೋಡಿಕೊಂಡು ಮೊಗ್ಗು ಕಟ್ಟುವ ಗಿಡ. ಹಗಲು ಕಿರಿದಾಗಿ ಕತ್ತಲು 12 ಗಂಟೆ ದಾಟಬೇಕು, ಅದೂ ನಡುವೆ ಬೆಳಕು ಬೀಳದ ಹಾಗೆ. ರಾತ್ರಿಯಿಡೀ ದೀಪ ಉರಿಯುತ್ತಿದ್ದರೆ ಅದರ ಪಾಲಿಗೆ ಇನ್ನೂ ಬೇಸಿಗೆಯೇ. ಕುಂಡ ಸರಿಸಲು ಜಾಗ ಇಲ್ಲದವರು ಸಂಜೆ 6ಕ್ಕೆ ದೊಡ್ಡ ರಟ್ಟಿನ ಡಬ್ಬ ಕವುಚಿ, ಬೆಳಿಗ್ಗೆ 8ಕ್ಕೆ ತೆಗೆಯಿರಿ. ಒಂದು ದಿನವೂ ತಪ್ಪಿಸಬೇಡಿ. ಮೊಗ್ಗು ಒಡೆದು ಬಣ್ಣ ಇಣುಕಿದ ಮೇಲೆ ಹೆದರಿಕೆ ಇಲ್ಲ. ಆಗ ಜಗುಲಿಗೆ ತಂದು ದೀಪದ ಕೆಳಗೆ ಇಟ್ಟರೂ ಅರಳುತ್ತದೆ. ದೀಪಾವಳಿಗೆ ಬಲ್ಬಿನ ಸರ ಸುತ್ತುವಾಗಲೂ ಇದನ್ನು ನೆನಪಿಡಿ. ಬೇರೆ ಗಿಡಕ್ಕೆ ಸುತ್ತಿ, ಮೊಗ್ಗು ಕಟ್ಟುತ್ತಿರುವ ಸೇವಂತಿಗೆಗೆ ಬೇಡ.

ಪಾಯಿನ್ಸೆಟಿಯಾದ ಕಥೆಯೂ ಹೀಗೇ. ಕ್ರಿಸ್‌ಮಸ್ ಹತ್ತಿರ ಬರುವಾಗ ನರ್ಸರಿಗಳಲ್ಲಿ ಕೆಂಪಗೆ ಸಾಲಾಗಿ ಇಟ್ಟಿರುತ್ತಾರಲ್ಲ, ಅದು. ನಾವು ಹೂ ಅನ್ನುವ ಕೆಂಪು ಭಾಗ ನಿಜಕ್ಕೂ ಎಲೆ. ಹೂವು ನಡುವಿನ ಸಣ್ಣ ಹಳದಿ ಗುಂಡುಗಳು. ಆ ಎಲೆ ಕೆಂಪಾಗಲು ಉದ್ದ ಕತ್ತಲು ಬೇಕು. ಕಳೆದ ವರ್ಷ ತಂದ ಗಿಡ ಈ ವರ್ಷ ಹಸಿರಾಗಿಯೇ ಉಳಿದರೆ ಅದರ ರಾತ್ರಿಯನ್ನು ಒಮ್ಮೆ ಗಮನಿಸಿ. ಟೀವಿ ಇರುವ ಹಾಲಿನಲ್ಲಿದೆಯಾ? ಹಾಗಿದ್ದರೆ ಕಾರಣ ಅದೇ. ಅಕ್ಟೋಬರ್‌ನಿಂದಲೇ ಸಂಜೆಗೆ ಕತ್ತಲ ಕೋಣೆಗೆ ಸೇರಿಸಿ, ಹಗಲಿಗೆ ಬಿಸಿಲಿಗೆ ತನ್ನಿ. ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಕೊಂಬೆ ಮುರಿದರೆ ಹಾಲು ಬರುತ್ತದೆ, ಕೈಗೆ ತಾಗಿದರೆ ಕೆಲವರಿಗೆ ತುರಿಕೆ. ಕತ್ತರಿಸಿದ ಮೇಲೆ ಕೈ ತೊಳೆಯಿರಿ.

ಇನ್ನು ಮನೆಯೊಳಗಿನ ಗಿಡಗಳು. ಬೇಸಿಗೆಯಲ್ಲಿ ದಿನಾ ನೀರು ಹಾಕಿ ಕೈಗೆ ಅಭ್ಯಾಸ ಆಗಿರುತ್ತದೆ. ಈಗ ಮಣ್ಣು ಬೇಗ ಒಣಗುವುದಿಲ್ಲ. ಗಿಡವೂ ನಿಧಾನ ಬೆಳೆಯುತ್ತದೆ, ಕಡಿಮೆ ಕುಡಿಯುತ್ತದೆ. ಅದರ ಮೇಲೆ ವಿಶಾಖ, ಅನುರಾಧ ಮಳೆಯ ಕಾಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಎರಡು ದಿನ ಜಿಟಿಜಿಟಿ. ಹಾಗಾಗಿ ವಾರ ಲೆಕ್ಕ ಹಾಕಬೇಡಿ, ಬೆರಳು ಇಡಿ. ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ತೆಗೆಯಿರಿ. ಬೆರಳಿಗೆ ಮಣ್ಣು ಮೆತ್ತಿಕೊಂಡು ಬಂದರೆ ಇವತ್ತು ನೀರು ಬೇಡ. ಪುಡಿಪುಡಿಯಾಗಿ ಉದುರಿದರೆ ಹಾಕಿ, ಬೆಳಗಿನ ಹೊತ್ತು ಹಾಕಿ. ಸ್ನೇಕ್ ಪ್ಲಾಂಟಿಗೆ ಎರಡು ವಾರ ನೀರು ಮರೆತರೂ ಏನೂ ಆಗುವುದಿಲ್ಲ. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಅದು ಬೇರು ಕೊಳೆಸುತ್ತದೆ, ಸೊಳ್ಳೆಯನ್ನೂ ಸಾಕುತ್ತದೆ.

ಎಲೆಯ ಬಣ್ಣದ ವಿಷಯದಲ್ಲಿ ಕ್ರೋಟನ್ ಪಾಯಿನ್ಸೆಟಿಯಾಕ್ಕೆ ತಿರುಗುಮುರುಗು. ಅದಕ್ಕೆ ಕತ್ತಲು ಬೇಡ, ಬಿಸಿಲು ಬೇಕು. ನೆರಳಲ್ಲಿಟ್ಟರೆ ಕೆಂಪು ಹಳದಿ ಎಲ್ಲ ಹೋಗಿ ಹೊಸ ಎಲೆ ಹಸಿರಾಗಿಯೇ ಬರುತ್ತದೆ. ಈ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಜೂನ್‌ನಲ್ಲಿ ನೇರ ಬಿಸಿಲು ಬೀಳದ ದಕ್ಷಿಣದ ಬಾಲ್ಕನಿಗೆ ಈಗ ಬಿಸಿಲು ಒಳಗಿನವರೆಗೂ ಬರುತ್ತದೆ. ಕ್ರೋಟನ್‌ಗಳನ್ನು ಅಲ್ಲಿಗೆ ಸಾಗಿಸಿ. ಆದರೆ ಪೀಸ್ ಲಿಲ್ಲಿ, ಅಗ್ಲೋನೀಮಾ ಅಲ್ಲೇ ಇದ್ದರೆ ಒಳಗೆ ಸರಿಸಿ, ಅವುಗಳ ಎಲೆ ಸುಡುತ್ತದೆ. ಇವೆರಡನ್ನೂ ಡಿಫೆನ್‌ಬಾಕಿಯಾವನ್ನೂ ಪುಟ್ಟ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ.

ಉತ್ಥಾನ ದ್ವಾದಶಿಯ ತುಳಸಿ ಬಗ್ಗೆ ಒಂದು ಮಾತು ಹೇಳಲೇಬೇಕು. ನೆಲ್ಲಿಕೊಂಬೆ ನೆಟ್ಟು ಪೂಜೆ ಮಾಡುವ ಸಂಭ್ರಮದಲ್ಲಿ ಅರಿಶಿನ, ಕುಂಕುಮ, ಹಾಲು, ದೀಪದ ಎಣ್ಣೆ ಎಲ್ಲ ಆ ಬುಡಕ್ಕೇ ಸೇರುತ್ತದೆ. ಎಣ್ಣೆ ಬಿದ್ದ ಮಣ್ಣಿಗೆ ನೀರು ಸರಿಯಾಗಿ ಇಳಿಯುವುದಿಲ್ಲ. ಹಬ್ಬ ಮುಗಿದು ತಿಂಗಳೊಳಗೆ ಗಿಡ ಒಣಗಿತು ಅಂತ ಮನಸ್ಸಿಗೆ ಹಚ್ಚಿಕೊಂಡವರನ್ನು ನೋಡಿದ್ದೇನೆ, ಪಾಪ. ಅರಿಶಿನ ಕುಂಕುಮ ಕಟ್ಟೆಗೆ ಇಡಿ. ದೀಪ ಗೂಡಿನಲ್ಲಿರಲಿ, ಎಲೆಗೆ ಬಿಸಿ ತಾಗಬಾರದು. ಕದಿರನ್ನು ಆಗಾಗ ಚಿವುಟಿ. ಬೀಜ ಕಟ್ಟಲು ಬಿಟ್ಟರೆ ಗಿಡ ಬೇಗ ಮುದಿಯಾಗುತ್ತದೆ. ಒಂದೆರಡು ಕದಿರು ಮಾತ್ರ ಮುಂದಿನ ಸಸಿಗೆ ಅಂತ ಉಳಿಸಿಕೊಳ್ಳಿ.

ಹೂಗಿಡದ ಕುಡಿಯಲ್ಲಿ ಹೇನು ಕಂಡರೆ ಮೊದಲು ಪೈಪಿನಿಂದ ಜೋರಾಗಿ ನೀರು ಹೊಡೆಯಿರಿ, ಅರ್ಧ ಅಲ್ಲೇ ಹೋಗುತ್ತವೆ. ಉಳಿದವಕ್ಕೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು. ಬಿಸಿಲು ಇಳಿದ ಮೇಲೆ ಎಲೆಯ ಅಡಿಗೂ ಬೀಳುವಂತೆ ಸಿಂಪಡಿಸಿ. ಚೆಂಡು ಹೂವಿನಲ್ಲಿ ಬಾಡಿದ್ದನ್ನು ಕಿತ್ತರೆ ಪಕ್ಕದಲ್ಲಿ ಮತ್ತೆ ಮೊಗ್ಗು ಬರುತ್ತದೆ.

ಜಾಗ ಸ್ವಲ್ಪವೇ ಇದ್ದು ಒಂದೇ ಗಿಡ ಹಾಕುವವರಿಗೆ ನಾನು ಹೇಳುವುದು ಗೋರಟೆ. ಡಿಸೆಂಬರ್ ಹೂ ಅಂತಲೂ ಅನ್ನುತ್ತಾರೆ. ನೇರಳೆ, ಬಿಳಿ, ತಿಳಿಗುಲಾಬಿ, ಗೆರೆ ಇರುವುದು, ಎಲ್ಲ ಬಣ್ಣವೂ ಉಂಟು. ವಾಸನೆ ಇಲ್ಲ, ಆದರೆ ಕನಕಾಂಬರದ ಜೊತೆ ಸೇರಿಸಿ ಕಟ್ಟಿದರೆ ಆ ದಂಡೆ ನೋಡಲು ಎರಡು ಕಣ್ಣು ಸಾಲದು. ಗೊಬ್ಬರ ಕೇಳುವುದಿಲ್ಲ, ಆರೈಕೆ ಕೇಳುವುದಿಲ್ಲ. ಹೂ ಮುಗಿದ ಮೇಲೆ ಅರ್ಧಕ್ಕೆ ಸವರಿ. ಮಳೆಗಾಲ ಬಂದಾಗ ಗೇಣುದ್ದದ ಕಡ್ಡಿ ಚುಚ್ಚಿದರೆ ಸಾಕು, ಹತ್ತಿಕೊಳ್ಳುತ್ತದೆ. ನಮ್ಮ ಹಿತ್ತಲಿನ ನೇರಳೆ ಗೋರಟೆ ಈಗ ಈ ಬೀದಿಯ ನಾಲ್ಕು ಮನೆಯಲ್ಲಿದೆ. ಬಿಳಿಯದು ಬೇಕು ಅಂತ ಎದುರುಮನೆಯ ಹುಡುಗಿ ಕೇಳಿದ್ದಾಳೆ, ಅವಳ ಕಡ್ಡಿಗೆ ಗುರುತಿನ ದಾರ ಕಟ್ಟಿಟ್ಟಿದ್ದೇನೆ.