ಹರಿಯುವ ನೀರು ಬಿಟ್ಟು ನಿಂತ ನೀರಿಗೆ: ಗಂಗಾವತಿಯ ಬೇಸಿಗೆಯಲ್ಲಿ ಮನೆಯೊಳಗೆ ಸೊಪ್ಪು ಬೆಳೆದ ನನ್ನ ಅನುಭವ

ಕಳೆದ ಎರಡು ಬೇಸಿಗೆಗಳಲ್ಲಿ ಗಂಗಾವತಿಯ ನಮ್ಮ ಮನೆಯೊಳಗೆ ಏಪ್ರಿಲ್ ಮತ್ತು ಮೇ ತಿಂಗಳಲ್ಲೂ ಪಾಲಕ್ ಹಾಗೂ ರಾಜಗಿರಿಯ ಕೊಯ್ಲು ನಿಂತಿಲ್ಲ. ಹೊರಗೆ 41–42 ಡಿಗ್ರಿ ಬಿಸಿಲಿರುವಾಗ ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲೇ ಸೊಪ್ಪು ಬೆಳೆಯುವುದು ಈ ಭಾಗದಲ್ಲಿ ಆಗದ ಮಾತು ಎಂದು ತರಬೇತಿ ಕೊಟ್ಟವರು, ಕಿಟ್ ಮಾರಿದವರು, ಕೊನೆಗೆ ನಮ್ಮ ಮನೆಯವರೂ ಹೇಳಿದ್ದರು. ತಂಪು ಹವೆಯ ಊರುಗಳಿಗೆ ಹೊಂದುವ ವಿಧಾನಗಳನ್ನು ಒಂದೊಂದಾಗಿ ಕೈಬಿಟ್ಟ ಮೇಲೆ ನನಗೆ ದಕ್ಕಿದ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಸಿ ಮೀಟರ್ (ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವುದು), ಪಿಎಚ್ ಮೀಟರ್ (ಆಮ್ಲ-ಕ್ಷಾರ ಅಳೆಯುವುದು), ನೆಟ್ ಪಾಟ್ (ಗಿಡ ನಿಲ್ಲಿಸುವ ಜಾಲರಿ ಕುಂಡ) ಮುಂತಾದವುಗಳ ಬಳಕೆ ಓದುಗರಿಗೆ ಗೊತ್ತಿದೆ ಎಂದು ಭಾವಿಸಿರುವುದರಿಂದ ಆ ವಿವರಗಳಿಗೆ ಹೋಗುವುದಿಲ್ಲ.

ಮೊದಲು ತಂದದ್ದು ನೂರಕ್ಕೂ ಹೆಚ್ಚು ರಂಧ್ರಗಳಿದ್ದ, ಬೇರಿನ ಕೆಳಗೆ ದ್ರಾವಣವನ್ನು ಪಂಪಿನಿಂದ ತೆಳ್ಳಗೆ ಹರಿಸುತ್ತಲೇ ಇರುವ ಎನ್‌ಎಫ್‌ಟಿ ಪೈಪಿನ ಕಿಟ್. ಸಾಗಣೆ ಸೇರಿ ಸುಮಾರು ಇಪ್ಪತ್ತೆರಡು ಸಾವಿರ ರೂಪಾಯಿ ಬಿದ್ದಿತು. ಚಳಿಗಾಲದಲ್ಲಿ ಅದು ಚೆನ್ನಾಗಿಯೇ ನಡೆಯಿತು. ಶಿವರಾತ್ರಿ ಕಳೆದ ಮೇಲೆ ಮಧ್ಯಾಹ್ನ ಮೂರು ಗಂಟೆಗೆ ಪೈಪಿನೊಳಗಿನ ನೀರು 34–35 ಡಿಗ್ರಿ ತೋರಿಸತೊಡಗಿತು. ಬಿಳಿ ಬೇರುಗಳು ಮೊದಲು ಕಂದಾಗಿ, ಆಮೇಲೆ ಕೈಯಲ್ಲಿ ಹಿಡಿದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುವಂತಾದವು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 35 ಡಿಗ್ರಿಯ ನೀರು 7ರ ಆಸುಪಾಸು ಮಾತ್ರ ಹಿಡಿಯುತ್ತದೆ, ಆದರೆ ಅದೇ ಬಿಸಿಯಲ್ಲಿ ಬೇರಿನ ಉಸಿರಾಟ ಏರುತ್ತದೆ. ಪೈಥಿಯಂ ಎಂಬ ಸೂಕ್ಷ್ಮಜೀವಿ ತರುವ ಬೇರುಕೊಳೆ ರೋಗಕ್ಕೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಬಾಟಲಿಗಳಲ್ಲಿ ಮಂಜುಗಡ್ಡೆ ಮಾಡಿ ತೊಟ್ಟಿಯಲ್ಲಿ ಬಿಟ್ಟರೆ ಒಂದು ಗಂಟೆಯ ಸಮಾಧಾನ ಸಿಗುತ್ತಿತ್ತು. ಚಿಲ್ಲರ್ ಯಂತ್ರಕ್ಕೆ ಮೂವತ್ತೈದು ನಲವತ್ತು ಸಾವಿರ ಹೇಳಿದರು. ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಕರೆಂಟು. ಪಂಪು ನಿಂತ ಅರ್ಧ ಗಂಟೆಯಲ್ಲಿ ಪೈಪಿನ ತೆಳ್ಳನೆಯ ನೀರು ಬತ್ತುತ್ತಿತ್ತು, ಮಧ್ಯಾಹ್ನ ಒಂದೂವರೆ ಗಂಟೆ ಕರೆಂಟು ಹೋದ ದಿನ ಇಡೀ ಸಾಲು ಮಲಗಿಬಿಟ್ಟಿತು. ಆ ಪೈಪುಗಳು ಕೊನೆಗೆ ಗುಜರಿಯ ಬೆಲೆಗೆ ಹೋದವು.

ದೀಪದ ಲೆಕ್ಕವೂ ಹೀಗೆಯೇ ಆಯಿತು. ನೇರಳೆ ಬಣ್ಣದ ಗ್ರೋ ಲೈಟುಗಳಿಗೆ ಒಂಬತ್ತು ಸಾವಿರ ಹಾಕಿದ್ದೆ. ನನ್ನ ಅನುಭವದಲ್ಲಿ ಸೊಪ್ಪಿಗೆ ಅವುಗಳ ಅಗತ್ಯವೇ ಇಲ್ಲ. ವಿದ್ಯುತ್ ಅಂಗಡಿಯಲ್ಲಿ ಸಿಗುವ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬುಗಳು ಸಾಕು, ಆದರೆ ಅವು ಗಿಡದಿಂದ ಒಂದು ಗೇಣಿಗಿಂತ ಮೇಲಿರಬಾರದು. ನಾಲ್ಕು ಟ್ಯೂಬುಗಳನ್ನು ದಿನಕ್ಕೆ ಹದಿನಾಲ್ಕು ಗಂಟೆ ಉರಿಸಿದರೆ ತಿಂಗಳಿಗೆ ಮೂವತ್ಮೂರು ಮೂವತ್ನಾಲ್ಕು ಯೂನಿಟ್ ಆಗುತ್ತದೆ. 2023ರಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ಅಂಕಿ ಮುಖ್ಯವಾಯಿತು. ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡಾ 10ರಷ್ಟು ಮಾತ್ರ ಉಚಿತವಾದ್ದರಿಂದ ಅದಕ್ಕಿಂತ ಹೆಚ್ಚಿದ ಪ್ರತಿ ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲೇ ನಮ್ಮ ತಲೆಗೆ ಬರುತ್ತದೆ. ಟ್ಯೂಬು ಕಟ್ಟಿದ ಎರಡು ಕಪಾಟುಗಳನ್ನು ನಡೆಸುತ್ತಿದ್ದಾಗ ಕೂಲರ್ ಹಚ್ಚಿದ ತಿಂಗಳು ನಮ್ಮ ಮನೆ 200ರ ಗೆರೆಯ ಹತ್ತಿರ ಹೋಗಿತ್ತು. ಈಗ ಒಂದೇ ಕಪಾಟು ಸಸಿಗಳಿಗೆ ಉಳಿದಿದೆ. ಬೆಳೆದ ಗಿಡಗಳೆಲ್ಲ ನಮ್ಮ ಹಳೆಯ ಮಾಳಿಗೆ ಮನೆಯ ಪಡಸಾಲೆಯಲ್ಲಿ, ಮೇಲಿನ ಗವಾಕ್ಷಿಯ ಕೆಳಗೆ ಇವೆ. ಕಲ್ಲುಮಣ್ಣಿನ ದಪ್ಪ ಗೋಡೆಯ ಈ ಜಾಗ ಹೊರಗಿಗಿಂತ ಏಳೆಂಟು ಡಿಗ್ರಿ ತಂಪಾಗಿರುತ್ತದೆ. ಗೋಡೆಗಳಿಗೆ ಎರಡು ಕೈ ಸುಣ್ಣ ಹೊಡೆಸಿದ ಮೇಲೆ ಮೂಲೆಗಳಲ್ಲಿ ಬೆಳಕು ಹೆಚ್ಚುಕಡಿಮೆ ಇಮ್ಮಡಿಯಾದದ್ದನ್ನು ಮೊಬೈಲಿನ ಬೆಳಕು ಅಳೆಯುವ ಆ್ಯಪ್‌ನಲ್ಲಿ ನೋಡಿದ್ದೇನೆ. ಮೂರುನೂರು ರೂಪಾಯಿಯ ಸುಣ್ಣ ಮಾಡಿದ ಕೆಲಸವನ್ನು ಒಂಬತ್ತು ಸಾವಿರದ ದೀಪ ಮಾಡಲಿಲ್ಲ.

ನನ್ನ ವಿಧಾನದ ತಿರುಳು ಇರುವುದು ನೀರನ್ನು ಹರಿಸದಿರುವುದರಲ್ಲಿ. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಅವರ ಹೆಸರಿನಲ್ಲಿ ಬಳಕೆಯಲ್ಲಿರುವ ನಿಂತ ನೀರಿನ ವಿಧಾನವಿದು: ಪಾತ್ರೆಯಲ್ಲಿ ಒಮ್ಮೆ ದ್ರಾವಣ ತುಂಬಿದರೆ ಗಿಡ ಕುಡಿದಂತೆಲ್ಲ ಮಟ್ಟ ಇಳಿಯುತ್ತದೆ, ಮೇಲೆ ಬಿಡುವಾದ ಜಾಗದ ಬೇರುಗಳು ಗಾಳಿಯಿಂದಲೇ ಉಸಿರಾಡುತ್ತವೆ, ಪಂಪಿನ ಗೊಡವೆಯೇ ಇರುವುದಿಲ್ಲ. ಹೋಟೆಲುಗಳಿಂದ ಅಡಿಗೆ ಎಣ್ಣೆಯ ಖಾಲಿ ಬಕೆಟ್ಟುಗಳನ್ನು ತಲಾ ಮೂವತ್ತು ನಲವತ್ತು ರೂಪಾಯಿಗೆ ತಂದು, ಬೆಳಕು ತೂರಿ ಪಾಚಿ ಬರದಂತೆ ಹೊರಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಣ್ಣ ಬಳಿದಿದ್ದೇನೆ. ಆದರೆ ಬರಿಯ ಬಕೆಟ್ಟಿನ ನೀರೂ ಮೇ ತಿಂಗಳಲ್ಲಿ 33 ಮುಟ್ಟುತ್ತಿತ್ತು. ಮೊದಲು ಒಂದೊಂದು ಬಕೆಟ್ಟನ್ನು ಮಣ್ಣಿನ ಬಾನಿಯಲ್ಲಿಟ್ಟು ಸುತ್ತ ಒದ್ದೆ ಮರಳು ತುಂಬಿ ನೋಡಿದೆ. ತಂಪು ಚೆನ್ನಾಗಿ ಸಿಕ್ಕಿತು, ಆದರೆ ಇಪ್ಪತ್ತೈದು ಬಕೆಟ್ಟಿಗೆ ಇಪ್ಪತ್ತೈದು ಬಾನಿ ಕೊಳ್ಳುವುದು ಕೈಗೆಟಕುವ ಮಾತಲ್ಲ. ಆಗ ನೆನಪಾದದ್ದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಹಣ್ಣು ತರಕಾರಿ ಕೆಡದಂತೆ ಇಡಲು ರೂಪಿಸಿದ ವಿದ್ಯುತ್ ಬೇಡದ ಶೀತಲ ಕೋಣೆ. ಎರಡು ಸಾಲು ಇಟ್ಟಿಗೆ, ನಡುವೆ ನಾಲ್ಕು ಬೆರಳು ಮರಳು, ಆ ಮರಳಿಗೆ ದಿನಕ್ಕೆರಡು ಬಾರಿ ನೀರು. ಇದಿಷ್ಟೇ ಅದರ ರಚನೆ.

ಅದೇ ಕಟ್ಟಡವನ್ನು ಮೊಣಕಾಲೆತ್ತರಕ್ಕೆ, ಉದ್ದನೆಯ ತೊಟ್ಟಿಯ ಹಾಗೆ ಎರಡು ಸಾಲಿನಲ್ಲಿ ಕಟ್ಟಿಸಿ ಬಕೆಟ್ಟುಗಳನ್ನು ಅದರೊಳಗೆ ಇಳಿಸಿದ್ದೇನೆ. ಗಾರೆ ಹಾಕಿಲ್ಲ, ಇಟ್ಟಿಗೆಗಳನ್ನು ಹಾಗೆಯೇ ಜೋಡಿಸಿದೆ; ಸಿಮೆಂಟು ಮೆತ್ತಿದರೆ ಇಟ್ಟಿಗೆ ಉಸಿರಾಡುವುದಿಲ್ಲ, ತಂಪೂ ಬರುವುದಿಲ್ಲ. ನಮ್ಮ ಬೇಸಿಗೆಯ ಗಾಳಿ ಒಣಗಾಳಿಯಾದ್ದರಿಂದ ಆವಿ ಬೇಗ ಹಾರುತ್ತದೆ. ಪಡಸಾಲೆಯ ಗಾಳಿ 34 ಇರುವಾಗ ಬಕೆಟ್ಟಿನ ದ್ರಾವಣ 26–27ರಲ್ಲಿ ನಿಲ್ಲುತ್ತದೆ, ಕೆಲವು ದಿನ 25 ಕೂಡ ನೋಡಿದ್ದೇನೆ. ದಿನಕ್ಕೆ ಹದಿನೈದು ಇಪ್ಪತ್ತು ಲೀಟರು ನೀರು ಇದಕ್ಕೆ ಬೇಕು. ತೊಟ್ಟಿಯನ್ನು ಗೋಡೆಯಿಂದ ಒಂದು ಮೊಳ ದೂರವಿಡಬೇಕು, ಇಲ್ಲದಿದ್ದರೆ ಮಣ್ಣಿನ ಗೋಡೆ ತೇವ ಕುಡಿದು ಬುಡ ಸಡಿಲವಾಗುತ್ತದೆ. ರಾತ್ರಿ ಗವಾಕ್ಷಿಯನ್ನು ತೆರೆದಿಡಬೇಕು. ಕೊಳವೆಬಾವಿಯ ನೀರನ್ನೇ ಹಾಕಿದರೆ ಆರೇಳು ತಿಂಗಳಲ್ಲಿ ಇಟ್ಟಿಗೆಯ ಹೊರಮೈ ಮೇಲೆ ಬಿಳಿ ಉಪ್ಪು ಪದರಗಟ್ಟಿ, ಉಗುರಿನಿಂದ ಕೆರೆದರೆ ಹಿಟ್ಟಿನಂತೆ ಉದುರುತ್ತದೆ. ಆ ಪದರ ಬಂದ ಮೇಲೆ ತಂಪು ಎರಡು ಮೂರು ಡಿಗ್ರಿ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಇಟ್ಟಿಗೆಗಳನ್ನು ಬಿಚ್ಚಿ ಹೊರಗೆ ಮಳೆಗೆ ಒಡ್ಡಿದರೆ ಅದೇ ತೊಳೆದುಕೊಂಡು ಹೋಗುತ್ತದೆ.

ನೀರಿನ ಗುಣದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಭಾಗದಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿಯೇ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಉಪ್ಪಿನ ಸಮಸ್ಯೆ ಹೊಸದಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲವಣಬಾಧಿತ ಮಣ್ಣಿನ ಕೆಲಸ ಬಹುಕಾಲದಿಂದ ನಡೆದಿದೆ. ನಮ್ಮ ಕೊಳವೆಬಾವಿಯ ನೀರು ಗೊಬ್ಬರ ಹಾಕುವ ಮೊದಲೇ 1.7ರ ಆಸುಪಾಸು ಇಸಿ, 8.2 ಪಿಎಚ್ ತೋರಿಸುತ್ತದೆ. ಫಾಸ್ಫಾರಿಕ್ ಆಮ್ಲ ಹಾಕಿ ಸಂಜೆ 6ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ ಮತ್ತೆ 7.5 ದಾಟಿರುತ್ತಿತ್ತು. ಆರ್‌ಒ ಯಂತ್ರ ಒಂದು ಲೀಟರು ಕೊಟ್ಟು ಎರಡು ಮೂರು ಲೀಟರು ಚೆಲ್ಲುವುದನ್ನು ನೋಡಿದಾಗ ನನಗೆ ಸಹಿಸಲಾಗಲಿಲ್ಲ. ಈಗ ಮಳೆಗಾಲದಲ್ಲಿ ಸಂಗ್ರಹಿಸಿದ ನೀರು ಒಂದು ಪಾಲು, ಕೊಳವೆಬಾವಿಯ ನೀರು ತುಂಬಿಸಿ ಮೀನು ಸಾಕುವ ತೊಟ್ಟಿಯ ನೀರು ಒಂದು ಪಾಲು ಸೇರಿಸಿ ದ್ರಾವಣ ಮಾಡುತ್ತೇನೆ.

ಮೀನಿನ ನೀರೇ ಏಕೆ ಎಂದು ಅನೇಕರು ಕೇಳಿದ್ದಾರೆ. ಗೊಬ್ಬರ ಉಳಿಯುತ್ತದೆ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆಯಿದೆ. ಮೀನು ಬಿಡುವ ಅಮೋನಿಯವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುವಾಗ ನೀರಿನ ಕ್ಷಾರೀಯತೆಯನ್ನು, ಎಂದರೆ ಹಾಕಿದ ಆಮ್ಲವನ್ನು ನುಂಗಿಬಿಡುವ ಗುಣವನ್ನು, ತಿನ್ನುತ್ತವೆ. ಒಂದು ಗ್ರಾಂ ಸಾರಜನಕ ಹೀಗೆ ಬದಲಾಗುವಾಗ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟಿಗೆ ಸಮನಾದ ಕ್ಷಾರೀಯತೆ ಕರಗಿಹೋಗುತ್ತದೆ. ಎಂದರೆ ನಾನು ಆಮ್ಲ ಸುರಿದು ಮಾಡುತ್ತಿದ್ದ ಕೆಲಸವನ್ನು ಮೀನಿನ ತೊಟ್ಟಿ ತಾನಾಗಿ ಮಾಡಿಕೊಡುತ್ತದೆ. 8.2ರ ನೀರು ತೊಟ್ಟಿಯಲ್ಲಿ ಕೆಲವು ವಾರ ಇದ್ದು ಹೊರಬರುವಾಗ 7.2ರ ಹತ್ತಿರ ಇರುತ್ತದೆ, ಆಮೇಲೆ ಸ್ವಲ್ಪವೇ ಆಮ್ಲ ಹಾಕಿದರೂ 6.2ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಆರ್‌ಒ ನೀರಿನಲ್ಲಿ ಮೀನು ಸಾಕುವವರು ಪಿಎಚ್ ಬಿದ್ದುಹೋಗದಂತೆ ಸುಣ್ಣವನ್ನೋ ಪೊಟ್ಯಾಸಿಯಂ ಬೈಕಾರ್ಬೋನೇಟನ್ನೋ ಕೊಂಡು ಹಾಕುತ್ತಾರೆ, ನಮಗೆ ಅದನ್ನು ಕೊಳವೆಬಾವಿಯೇ ಪುಕ್ಕಟೆ ಕೊಡುತ್ತದೆ. ನಮ್ಮ ಗಡಸು ನೀರು ಶಾಪವೆಂದು ಹೇಳಿದವರಿಗೆ ನಾನು ಈಗ ಈ ತೊಟ್ಟಿಯನ್ನೇ ತೋರಿಸುತ್ತೇನೆ.

ತೊಟ್ಟಿ ಹಿತ್ತಲ ಬಚ್ಚಲ ಪಕ್ಕದ ಸಿಮೆಂಟಿನದು, ಏಳುನೂರು ಲೀಟರು ಹಿಡಿಯುತ್ತದೆ. ಮೊದಲು ಬಿಟ್ಟ ರೋಹು ಮತ್ತು ಕಟ್ಲಾ ಮರಿಗಳು ಒಂದು ರಾತ್ರಿ ಕರೆಂಟು ಹೋಗಿ ಗಾಳಿಯ ಪಂಪು ನಿಂತಾಗ ಸತ್ತವು. ಅದರ ಬದಲು ಕೊರಮೀನು ಬಿಟ್ಟ ಮೇಲೆ ಆ ಭಯ ತಪ್ಪಿದೆ, ಏಕೆಂದರೆ ಅದು ಮೇಲೆ ಬಂದು ನೇರವಾಗಿ ಗಾಳಿ ಕುಡಿಯುವ ಮೀನು. ಸಣ್ಣದನ್ನು ದೊಡ್ಡದು ನುಂಗುವುದರಿಂದ ಆಗಾಗ ಗಾತ್ರ ನೋಡಿ ಬೇರ್ಪಡಿಸಬೇಕು. ಕಡಿಮೆ ಬೆಲೆಗೆ ಸಿಗುತ್ತದೆಂದು ಕೆಲವರು ಆಫ್ರಿಕನ್ ಮಾಗೂರನ್ನು ಸೂಚಿಸುತ್ತಾರೆ. ಅದನ್ನು ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದೆ, ಆ ದಾರಿಗೆ ಯಾರೂ ಹೋಗಬಾರದು. ಅಮೋನಿಯ ಪರೀಕ್ಷೆಯನ್ನು ಬೇಸಿಗೆಯಲ್ಲಿ ಬಿಡುವಂತಿಲ್ಲ: 30 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ಶೇಕಡಾ 1ಕ್ಕಿಂತ ಕಡಿಮೆ, ಅದೇ 8 ಇದ್ದರೆ ಶೇಕಡಾ 7ರ ಆಸುಪಾಸು.

ಮೀನು ಮತ್ತು ಗಿಡಗಳ ನೀರನ್ನು ನಾನು ಒಂದೇ ಸುತ್ತಿನಲ್ಲಿ ಜೋಡಿಸಿಲ್ಲ. ತೊಟ್ಟಿಯಿಂದ ತೆಗೆದ ನೀರು ಅರೆಸುಟ್ಟ ಭತ್ತದ ಹೊಟ್ಟು ತುಂಬಿದ ಡ್ರಮ್ಮಿನ ಮೂಲಕ ಇಳಿದು ಬಕೆಟ್ಟಿಗೆ ಹೋಗುತ್ತದೆ, ಮರಳಿ ಮೀನಿಗೆ ಬರುವುದಿಲ್ಲ. ಹಾಗಾಗಿ ಗಿಡಕ್ಕೆ ಬೇಕಾದ ಗೊಬ್ಬರವನ್ನು ಮೀನಿನ ಅಂಜಿಕೆಯಿಲ್ಲದೆ ಸೇರಿಸಬಹುದು. “ಮೀನಿನ ನೀರಿನ ಪಲ್ಯ ನಮ್ಮ ಅಡಿಗಿ ಮನ್ಯಾಗ ಬ್ಯಾಡ್ರೀ” ಎಂದು ಮನೆಯವರು ಮೊದಲು ಖಡಾಖಂಡಿತವಾಗಿ ಹೇಳಿದ್ದರು. ಆ ನೀರು ಬೇರಿಗೆ ಮಾತ್ರ ತಾಗುತ್ತದೆ, ಎಲೆಗೆ ಒಂದು ಹನಿಯೂ ಬೀಳುವುದಿಲ್ಲ ಎಂಬುದನ್ನು ನೋಡಿದ ಮೇಲೆ ಒಪ್ಪಿದರು. ಈ ಶುಚಿತ್ವವನ್ನು ಎಲ್ಲರೂ ಪಾಲಿಸಲೇಬೇಕು. ನೆಟ್ ಪಾಟಿಗೂ ಇದೇ ಸುಟ್ಟ ಹೊಟ್ಟನ್ನು ಬಳಸುತ್ತೇನೆ. ಗಂಗಾವತಿಯಲ್ಲಿ ರೈಸ್ ಮಿಲ್ಲುಗಳಿಗೆ ಬರವಿಲ್ಲದ್ದರಿಂದ ಹೊಟ್ಟು ಚೀಲಕ್ಕೆ ನಲವತ್ತು ಐವತ್ತು ರೂಪಾಯಿಗೆ ಸಿಗುತ್ತದೆ. ಮಿಲ್ಲಿನ ಬಾಯ್ಲರಿನ ಬೂದಿ ಬೇಡ, ಹೊಟ್ಟಿನ ಆಕಾರ ಉಳಿದು ಕಪ್ಪಗಾಗಿರಬೇಕು. ಸುಟ್ಟ ಹೊಟ್ಟು ಕ್ಷಾರ ಬಿಡುತ್ತದೆ, ಅದನ್ನು ತೆಗೆಯಲು ನಾನು ಯಾವುದರಲ್ಲಿ ನೆನೆಸುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಗೊಬ್ಬರಕ್ಕೆ ಕಿಟ್ಟಿನವರ ಬಾಟಲಿ ದ್ರಾವಣ ಬೇಕಿಲ್ಲ. ಕುಷ್ಟಗಿ ಕಡೆಯ ದಾಳಿಂಬೆ ಬೆಳೆಗಾರರು ಡ್ರಿಪ್ಪಿಗೆ ಬಿಡುವ ಗೊಬ್ಬರಗಳೇ ಸಾಕು. ನೂರು ಲೀಟರಿಗೆ ಸುಮಾರು 40 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಅಷ್ಟೇ 13:0:45 (ಪೊಟ್ಯಾಸಿಯಂ ನೈಟ್ರೇಟ್), ಅದರ ಅರ್ಧದಷ್ಟು 0:52:34 (ಮೋನೋ ಪೊಟ್ಯಾಸಿಯಂ ಫಾಸ್ಫೇಟ್) ನನ್ನ ಅಳತೆ. ಮೀನಿನ ಆಹಾರ ಹೆಚ್ಚಿದ ವಾರ ಕ್ಯಾಲ್ಸಿಯಂ ನೈಟ್ರೇಟನ್ನು ಇನ್ನೂ ತಗ್ಗಿಸುತ್ತೇನೆ. ಮೆಗ್ನೀಸಿಯಂ ನಮ್ಮ ನೀರಿನಲ್ಲಿಯೇ ಇದೆ. ಕ್ಯಾಲ್ಸಿಯಂ ನೈಟ್ರೇಟನ್ನು ಉಳಿದವುಗಳ ಜೊತೆ ಗಟ್ಟಿ ದ್ರಾವಣವಾಗಿ ಕಲಸಬಾರದೆಂಬುದು ಎಲ್ಲರಿಗೂ ಗೊತ್ತಿರುವುದೇ. ಅಂಗಡಿಯವರು ಕೈಗೆ ಕೊಡುವ 19:19:19ರಲ್ಲಿ ಸಾರಜನಕದ ದೊಡ್ಡ ಪಾಲು ಯೂರಿಯಾ ರೂಪದಲ್ಲಿರುವುದರಿಂದ ಮಣ್ಣಿಲ್ಲದ ಬಕೆಟ್ಟಿನಲ್ಲಿ ಅದು ನಿಧಾನವಾಗಿ ದಕ್ಕುತ್ತದೆ. ಕಬ್ಬಿಣದ ವಿಷಯದಲ್ಲಿ ಕಂಜೂಸಿ ಮಾಡಬಾರದು. ಇಡಿಟಿಎ ಎಂಬ ರೂಪದ ಕಬ್ಬಿಣದ ಗೊಬ್ಬರ ಪಿಎಚ್ 6.5 ದಾಟಿದೊಡನೆ ಕೈಕೊಟ್ಟು ಹೊಸ ಎಲೆಗಳು ಹಳದಿಯಾಗುತ್ತವೆ; ಇಡಿಡಿಎಚ್‌ಎ ಕಬ್ಬಿಣಕ್ಕೆ ಕಿಲೋಗೆ ಎಂಟುನೂರರ ಮೇಲಾದರೂ ಅದು ಗಡಸು ನೀರಿನಲ್ಲಿ ನಿಲ್ಲುತ್ತದೆ, ಚಿಟಿಕೆ ಚಿಟಿಕೆ ಹಾಕಿದರೆ ವರ್ಷಗಟ್ಟಲೆ ಬರುತ್ತದೆ.

ಬೆಳೆಗಳಲ್ಲಿ ಪಾಲಕ್ ಮೊದಲನೆಯದು. ಉಪ್ಪನ್ನು ಅದು ತಾಳಿಕೊಳ್ಳುತ್ತದೆ. ರಾಜಗಿರಿ ಬಿಸಿಗೆ ಜಗ್ಗುವುದಿಲ್ಲ. ಪುಂಡಿಯನ್ನು ಪ್ರಯೋಗಕ್ಕೆಂದು ಹಾಕಿದ್ದೆ, ಗಿಡ ಎದೆಯೆತ್ತರ ಬಂತು, ಆದರೆ ನೆರಳಿನಲ್ಲಿ ಬೆಳೆದ ಎಲೆಗೆ ಆ ಹುಳಿ ಬರಲಿಲ್ಲ. ಹುಳಿಯಿಲ್ಲದ ಪುಂಡಿಪಲ್ಯ ಯಾರಿಗೂ ಬೇಡ. ಟೊಮೆಟೊಗೆ ಪಡಸಾಲೆಯ ಬೆಳಕು ಸಾಲದು. ಲೆಟಿಸ್ ನವೆಂಬರಿನಿಂದ ಜನವರಿಯವರೆಗೆ ಮಾತ್ರ; ಆ ಕಾಲಕ್ಕೆ ಆನೆಗೊಂದಿ, ಸಾಣಾಪುರದ ಕಡೆಯ ಹೋಂಸ್ಟೇಗಳವರು ಕಿಲೋಗೆ ಇನ್ನೂರರ ಮೇಲೆ ಕೊಟ್ಟು ಒಯ್ಯುತ್ತಾರೆ. ಫೆಬ್ರವರಿಯಲ್ಲಿ ಅದು ದಂಟೆದ್ದು ಕಹಿಯಾಗುತ್ತದೆ.

ಈಗಿನ ಏರ್ಪಾಟಿಗೆ ಇಟ್ಟಿಗೆ, ಮರಳು, ಬಕೆಟ್ಟು, ಡ್ರಮ್ಮು, ಮೀನುಮರಿ ಎಲ್ಲ ಸೇರಿ ಹನ್ನೆರಡು ಸಾವಿರದ ಒಳಗೆ ಖರ್ಚಾಗಿದೆ. ಗೊಬ್ಬರ, ಮೀನಿನ ಆಹಾರ, ಕರೆಂಟು ಸೇರಿ ತಿಂಗಳಿಗೆ ನಾಲ್ಕುನೂರು ದಾಟುವುದಿಲ್ಲ. ಇಪ್ಪತ್ತೈದು ಮೂವತ್ತು ಬಕೆಟ್ಟುಗಳಿಂದ ವಾರಕ್ಕೆ ಎರಡೂವರೆ ಮೂರು ಕಿಲೋ ಸೊಪ್ಪು ಬರುತ್ತದೆ. ಮನೆಗೆ ಆಗಿ ಉಳಿದದ್ದನ್ನು ಓಣಿಯವರೇ ಕೊಳ್ಳುತ್ತಾರೆ. ಲೆಟಿಸ್ಸಿನ ಮೂರು ತಿಂಗಳ ದುಡ್ಡಿನಲ್ಲಿ ವರ್ಷದ ಖರ್ಚು ಹೊರಟುಹೋಗುತ್ತದೆ.

ಇದನ್ನು ಮಾಡಿನೋಡುವವರು ಮೀನಿನ ತೊಟ್ಟಿಯಿಂದಲೇ ಆರಂಭಿಸಬೇಕು. ಹೊಸ ಸಿಮೆಂಟಿನ ತೊಟ್ಟಿಯಾದರೆ ಎರಡು ಮೂರು ಬಾರಿ ನೀರು ತುಂಬಿ ಚೆಲ್ಲಿ ಸುಣ್ಣದ ಅಂಶ ಹೋಗಿಸಬೇಕು; ಬ್ಯಾಕ್ಟೀರಿಯಾ ನೆಲೆಗೊಳ್ಳಲು ಆಮೇಲೆ ನಾಲ್ಕರಿಂದ ಆರು ವಾರ ಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು. ದಸರೆಯ ಹೊತ್ತಿಗೆ ತೊಟ್ಟಿ ತುಂಬಿಸಿ ಸಂಕ್ರಾಂತಿಯ ಹೊತ್ತಿಗೆ ಇಟ್ಟಿಗೆಯ ಸಾಲು ಕಟ್ಟಿಕೊಂಡರೆ, ಯುಗಾದಿಯ ಬಿಸಿಲು ಏರುವ ಮೊದಲೇ ಪಾಲಕ್ಕಿನ ಮೊದಲ ಕೊಯ್ಲು ಕೈಗೆ ಬಂದಿರುತ್ತದೆ.